ನಮ್ಮ ಮೆದುಳು, ನಮ್ಮ ಬೆನ್ನುಹುರಿ



ಒಂದು ಕೈಯನ್ನು ನೆತ್ತಿಯ ಮೇಲೆ ಇಡಿರಿ. ಇನ್ನೊಂದು ಕೈಯನ್ನು ಹಿಂದೆ ಒಯ್ದು ಬೆನ್ನಿನ ನಡುವೆ ಮುಟ್ಟಿ ನೋಡಿರಿ. ಮಣಿ ಪೋಣಿಸಿದ ಹಾಗೆ ಗಂಟು ಗಂಟು ಎಲುಬು ಕೈಗೆ ಹತ್ತುತ್ತವೆ, ಹೌದಲ್ಲ? ನೆತ್ತಿಯ ಕೆಳಗೆ ಇರುವುದು ಮೆದುಳು. ಗಂಟು ಎಲುಬುಗಳ ಒಳಗೆ ಇಳಿದು ಬಂದಿರುವುದು ಬೆನ್ನುಹುರಿ. ಇವತ್ತಿನ ಪಾಠ ಇವೆರಡರದು.

“ಇದು ಡಾಕ್ಟರ್ ಓದೋ ವಿಷಯ, ನಮಗ್ಯಾಕ್ರಿ?” ಎಂದು ಕೆಲವರು ಕೇಳುತ್ತಾರೆ. ಕೇಳಲೇಬೇಕಾದ ಮಾತು. ಆದರೆ ಮನೆಯಲ್ಲಿ ಮಾವನ ಬಾಯಿ ಸೊಟ್ಟಗಾದರೆ ಮೊದಲು ಕಾಣುವವರು ಯಾರು? ನೀವು. ಕೂಸಿಗೆ ಫಿಟ್ಸ್ ಬಂದರೆ ಎತ್ತಿಕೊಳ್ಳುವವರು ಯಾರು? ನೀವು. ಡಾಕ್ಟರು ನೋಡುವುದು ಆಮೇಲೆ. ಆ ಮೊದಲ ಹೊತ್ತಿನಲ್ಲಿ ಮನೆಯವರು ಏನು ಮಾಡಿದರು, ಏನು ಮಾಡಲಿಲ್ಲ ಅನ್ನುವುದು ಬಹಳ ದೊಡ್ಡದು. ಅದಕ್ಕಾಗಿ ಈ ಪಾಠ.

ತಲೆಬುರುಡೆಯ ಒಳಗೆ

ದೊಡ್ಡವರ ಮೆದುಳು ಸುಮಾರು 1 ಕಿಲೋ 300 ಗ್ರಾಂ ತೂಗುತ್ತದೆ. ಹೆಚ್ಚು ಕಡಿಮೆ ಇರಬಹುದು. ತೂಕ ಹೆಚ್ಚಾದರೆ ಜಾಣತನ ಹೆಚ್ಚು ಎಂದೇನಿಲ್ಲ. ಮೆದುಳು ಬೆಣ್ಣೆಯ ಹಾಗೆ ಮೆತ್ತಗೆ. ದೊಡ್ಡ ಸೀರೆಯನ್ನು ಸಣ್ಣ ಡಬ್ಬಿಯಲ್ಲಿ ತುರುಕಿದರೆ ಹೇಗೆ ಮಡಿಕೆ ಬೀಳುತ್ತದೆಯೋ ಹಾಗೆ ಅದರ ಮೇಲೆಲ್ಲ ಮಡಿಕೆ. ಇಷ್ಟು ಮೆತ್ತಗಿನ ವಸ್ತುವನ್ನು ಕಾಯಲು ಮೇಲೆ ಗಟ್ಟಿ ಬುರುಡೆ ಇದೆ. ಬುರುಡೆಯ ಒಳಗೆ ಮೂರು ಪದರದ ಹೊದಿಕೆ ಇದೆ. ನಡುವೆ ನೀರಿನಂಥ ತಿಳಿ ದ್ರವ ಇದೆ. ಮೆದುಳು ಆ ದ್ರವದಲ್ಲಿ ತೇಲಿಕೊಂಡಿರುತ್ತದೆ. ನಾವು ನಡೆದಾಗ, ಓಡಿದಾಗ ಅದು ಬುರುಡೆಗೆ ಬಡಿಯುವುದಿಲ್ಲ.

ಆದರೆ ಬೈಕಿನಿಂದ ಬಿದ್ದರೆ ಈ ಕಾವಲು ಸಾಲುವುದಿಲ್ಲ. ಹೆಲ್ಮೆಟ್ ಬೇಕು. ಹಿಂದೆ ಕೂತವರಿಗೂ ಬೇಕು. ಗಾಡಿಯ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೂತರೆ ಸೆರಗು ತಲೆಯನ್ನು ಕಾಯುವುದಿಲ್ಲ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎಂಬ ದೊಡ್ಡ ಆಸ್ಪತ್ರೆ ಇದೆ. ಮೆದುಳಿನ ಮತ್ತು ಮನಸ್ಸಿನ ರೋಗಗಳಿಗೆ ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಅಲ್ಲಿ ಮನುಷ್ಯರ ಮೆದುಳುಗಳನ್ನೇ ಇಟ್ಟ ಒಂದು ವಸ್ತು ಸಂಗ್ರಹಾಲಯ ಇದೆ. ಸಾಮಾನ್ಯ ಜನರೂ ಹೋಗಿ ನೋಡಬಹುದು. 1995ರಿಂದ ಅಲ್ಲಿ ಮೆದುಳು ಬ್ಯಾಂಕೂ ನಡೆಯುತ್ತಿದೆ. ಸತ್ತವರ ಮೆದುಳನ್ನು ಮನೆಯವರು ಒಪ್ಪಿ ದಾನ ಕೊಡುತ್ತಾರೆ. ಅದನ್ನು ಇಟ್ಟುಕೊಂಡು ರೋಗಗಳ ಅಭ್ಯಾಸ ಮಾಡುತ್ತಾರೆ. ದುಃಖದ ಹೊತ್ತಿನಲ್ಲಿ ಹಾಗೆ ದಾನ ಮಾಡಿದ ಮನೆಯವರು ದೊಡ್ಡವರು.

ಮೆದುಳಿನ ತೂಕ ನಮ್ಮ ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡಿದ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಅದನ್ನು ತಂದುಕೊಡುವುದು ರಕ್ತ. ರಕ್ತ ಪೂರ್ತಿ ನಿಂತರೆ ಕೆಲವೇ ನಿಮಿಷದಲ್ಲಿ ಮೆದುಳಿನ ಕಣಗಳು ಸಾಯತೊಡಗುತ್ತವೆ. ಈ ಮಾತನ್ನು ನೆನಪಿಡಿರಿ. ಮುಂದೆ ಬೇಕಾಗುತ್ತದೆ.

ಮಗ್ಗದ ಮುಂದೆ ಕೂತಾಗ

ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳದೆ ಬೆಳೆದವರು ಕಡಿಮೆ. ಆದ್ದರಿಂದ ಮಗ್ಗದ ಮುಂದೆ ಕೂತ ಒಬ್ಬ ಅಕ್ಕನನ್ನೇ ಕಣ್ಣ ಮುಂದೆ ತಂದುಕೊಳ್ಳೋಣ.

ಸೀರೆಗೆ ಯಾವ ಅಂಚು, ಎಷ್ಟು ಎಳೆ, ಸಂತೆಯ ದಿನದೊಳಗೆ ಮುಗಿದೀತೋ ಇಲ್ಲವೋ ಎಂದು ಆಕೆ ಲೆಕ್ಕ ಹಾಕುತ್ತಾಳೆ. ಈ ಕೆಲಸ ಹಣೆಯ ಹಿಂದಿನ ಭಾಗದ್ದು. ಮುಂದಾಲೋಚನೆ, ತೀರ್ಮಾನ, ಸಿಟ್ಟು ತಡೆದುಕೊಳ್ಳುವುದು, ಎಲ್ಲ ಇಲ್ಲಿಯೇ. ಇದರ ಹಿಂದಿನ ಅಂಚಿನಲ್ಲಿ, ಒಂದು ಕಿವಿಯ ಮೇಲಿನಿಂದ ಇನ್ನೊಂದು ಕಿವಿಯ ಕಡೆಗೆ, ಹೇರ್‌ಬ್ಯಾಂಡ್ ಹಾಕಿದ ಹಾಗೆ ಒಂದು ಪಟ್ಟಿ ಇದೆ. ಕೈ ಎತ್ತು, ಕಾಲು ಒತ್ತು ಎಂಬ ಆಜ್ಞೆ ಅಲ್ಲಿಂದ ಹೊರಡುತ್ತದೆ. ಅದರ ಹಿಂದೆಯೇ ಇನ್ನೊಂದು ಪಟ್ಟಿ. ಎಳೆ ನಯವೋ ಒರಟೋ, ಗಂಟು ಬಿದ್ದಿದೆಯೋ ಎಂದು ಬೆರಳು ಮುಟ್ಟಿದ್ದು ತಿಳಿಯುವುದು ಅಲ್ಲಿ.

ಬಣ್ಣ ಕಾಣುವುದು ಎಲ್ಲಿ? ಕಣ್ಣಿನಲ್ಲಿ ಅನ್ನುತ್ತೀರಿ. ಕಣ್ಣು ಬರೀ ಕಿಟಕಿ. ಕಂಡದ್ದು ಏನು ಎಂದು ತಿಳಿಯುವ ಜಾಗ ತಲೆಯ ಹಿಂಭಾಗದಲ್ಲಿ ಇದೆ, ಅಂಬುಡಿ ಕಟ್ಟುವ ಕಡೆಗೆ. ಕಣ್ಣು ಚೆನ್ನಾಗಿದ್ದು ಆ ಭಾಗಕ್ಕೆ ಪೆಟ್ಟಾದರೂ ಕಾಣಿಸದೆ ಹೋಗಬಹುದು. ಕಿವಿಯ ಮೇಲೆ, ಪಕ್ಕದಲ್ಲಿರುವ ಭಾಗ ಕೇಳಿದ್ದನ್ನು ತಿಳಿಯುತ್ತದೆ. ಹೊಸದನ್ನು ನೆನಪಿಗೆ ಹಾಕುವ ಜಾಗವೂ ಅದರ ಒಳಗಿದೆ. ಲಾಳಿಯ ಸಪ್ಪಳ ಬದಲಾದ ಕೂಡಲೆ “ಎಳಿ ಹರೀತು” ಎಂದು ಆಕೆ ನೋಡದೆಯೇ ಹೇಳುತ್ತಾಳಲ್ಲ, ಅದು ಈ ಭಾಗದ ಕೆಲಸ.

ಇಷ್ಟೂ ಸೇರಿ ದೊಡ್ಡ ಮೆದುಳು. ಇದಕ್ಕೆ ಎರಡು ಹೋಳು, ಎಡದ್ದು ಮತ್ತು ಬಲದ್ದು. ಇಲ್ಲೊಂದು ವಿಚಿತ್ರ ಇದೆ. ಎಡ ಹೋಳು ಬಲಗೈ ಬಲಗಾಲನ್ನು ಆಡಿಸುತ್ತದೆ. ಬಲ ಹೋಳು ಎಡಗೈ ಎಡಗಾಲನ್ನು ಆಡಿಸುತ್ತದೆ. ಮಾತಿನ ಜಾಗ ಬಹಳ ಮಂದಿಗೆ ಎಡ ಹೋಳಿನಲ್ಲಿ ಇರುತ್ತದೆ. ಅದಕ್ಕೇ ಬಲಗೈ ಬಲಗಾಲು ಬಿದ್ದುಹೋದವರಲ್ಲಿ ಕೆಲವರಿಗೆ ಮಾತೂ ನಿಲ್ಲುತ್ತದೆ. ಅಂಥವರಿಗೆ ಬುದ್ಧಿ ಹೋಯಿತು ಎಂದು ತಿಳಿಯಬಾರದು. ನಾವು ಆಡಿದ್ದು ಅವರಿಗೆ ತಿಳಿಯುತ್ತಿರಬಹುದು. ಅವರ ಮುಂದೆಯೇ “ಇನ್ನ ಇವರ ಕತಿ ಮುಗೀತು” ಅನ್ನಬೇಡಿರಿ.

ದೊಡ್ಡ ಮೆದುಳಿನ ಕೆಳಗೆ, ಹಿಂದೆ, ಚಿಕ್ಕ ಮೆದುಳು ಇದೆ. ಕೈ, ಕಾಲು, ಕಣ್ಣು ಮೂರನ್ನೂ ಒಂದೇ ತಾಳಕ್ಕೆ ತರುವುದು ಇದು. ಕಾಲು ಒತ್ತಬೇಕು, ಲಾಳಿ ಓಡಬೇಕು, ಹಣಿಗೆ ಬಡಿಯಬೇಕು. ಹೊಸದಾಗಿ ಕಲಿಯುವವರಿಗೆ ಒಂದಕ್ಕೊಂದು ತಾಳ ತಪ್ಪುತ್ತದೆ. ಕಲಿತವರಿಗೆ ಹಾಡು ಹೇಳುತ್ತಲೇ ಕೈ ನಡೆಯುತ್ತದೆ. ರೊಟ್ಟಿ ಬಡಿಯುವುದೂ ಹಾಗೆಯೇ, ನೀರಿನ ಕೊಡ ಹೊತ್ತು ಚೆಲ್ಲದೆ ನಡೆಯುವುದೂ ಹಾಗೆಯೇ. ಸೆರೆ ಕುಡಿದವನು ಓಣಿಯ ಈ ಗೋಡೆಯಿಂದ ಆ ಗೋಡೆಗೆ ಯಾಕೆ ಹೋಗುತ್ತಾನೆ? ಸೆರೆ ಅವನ ಚಿಕ್ಕ ಮೆದುಳಿನ ಕೆಲಸ ಕೆಡಿಸಿರುತ್ತದೆ. ಇದನ್ನು ಹೇಳಿದಾಗ ಒಬ್ಬ ಅಜ್ಜಿ, “ಹಂಗಾರ ಕಾಲಿಂದೇನೂ ತಪ್ಪಿಲ್ಲ ಬಿಡ್ರಿ” ಅಂದಳು. ತರಗತಿಯೆಲ್ಲ ನಕ್ಕಿತು.

ಇವೆರಡಕ್ಕೂ ಕೆಳಗೆ, ಹೆಬ್ಬೆರಳಿನಂತೆ ಸಣ್ಣದಾಗಿ, ಮೆದುಳಿನ ಕಾಂಡ ಇದೆ. ಗಾತ್ರದಲ್ಲಿ ಚಿಕ್ಕದು. ಉಸಿರಾಟ, ಎದೆಬಡಿತ, ನುಂಗುವುದು, ಎಚ್ಚರ ಎಲ್ಲವನ್ನೂ ಇದು ನೋಡಿಕೊಳ್ಳುತ್ತದೆ. ನಾವು ಮಲಗಿದರೂ ಇದು ಮಲಗುವುದಿಲ್ಲ. ಹುಟ್ಟಿದ ಕೂಸಿಗೆ ಉಸಿರಾಡಲು ಯಾರೂ ಕಲಿಸಲಿಲ್ಲ ಅಲ್ಲವೆ?

ಅಕ್ಷರ ಕಲಿತ ಮೆದುಳು

“ಇಷ್ಟು ವಯಸ್ಸಾದ ಮೇಲೆ ತಲಿಗೆ ಎಲ್ಲಿ ಹತ್ತತೈತ್ರಿ?” ಈ ಮಾತು ಆಡದವರು ನಿಮ್ಮಲ್ಲಿ ಎಷ್ಟು ಜನ? ಇದಕ್ಕೆ ಉತ್ತರ ನಮ್ಮ ದೇಶದ ಹಳ್ಳಿಯಿಂದಲೇ ಬಂದಿದೆ. ಉತ್ತರ ಪ್ರದೇಶದ ಲಖನೌ ಹತ್ತಿರದ ಹಳ್ಳಿಗಳಲ್ಲಿ, ಓದು ಬರಹ ಬಾರದ, ಮೂವತ್ತರ ಆಸುಪಾಸಿನ ವಯಸ್ಸಿನವರಿಗೆ ಆರು ತಿಂಗಳು ಹಿಂದಿ ಅಕ್ಷರ ಕಲಿಸಿದರು. ಅವರಲ್ಲಿ ಬಹುತೇಕರು ಹೆಂಗಸರು. ಕಲಿಯುವ ಮೊದಲು ಒಮ್ಮೆ, ಕಲಿತ ಮೇಲೆ ಒಮ್ಮೆ ಅವರ ಮೆದುಳಿನ ಚಿತ್ರ ತೆಗೆದರು. 2017ರಲ್ಲಿ ಫಲಿತಾಂಶ ಬಂತು. ಕಂಡದ್ದನ್ನು ತಿಳಿಯುವ ಹಿಂದಿನ ಭಾಗಕ್ಕೂ, ಒಳಗೆ ಆಳದಲ್ಲಿರುವ ಭಾಗಗಳಿಗೂ, ಮೆದುಳಿನ ಕಾಂಡಕ್ಕೂ ನಡುವೆ ನಂಟು ಬಲವಾಗಿತ್ತು. ಮೆದುಳು ಆರೇ ತಿಂಗಳಿನಲ್ಲಿ ಬದಲಾಗಿತ್ತು.

ನೀವು ‘ಗ’ ಮತ್ತು ‘ಗಿ’ ಬೇರೆ ಬೇರೆ ಎಂದು ಗುರುತಿಸಲು ತಿಣುಕಿದ ದಿನಗಳು ನೆನಪಿವೆಯೇ? ಆಗ ತಲೆಯೊಳಗೆ ಇಂಥದೇ ಕೆಲಸ ನಡೆದಿತ್ತು.

ಬೆನ್ನಿನೊಳಗಿನ ಹುರಿ

ಮೆದುಳಿನ ಕಾಂಡದಿಂದ ಕೆಳಗೆ ಇಳಿಯುವುದೇ ಬೆನ್ನುಹುರಿ. ಕಿರುಬೆರಳಿನಷ್ಟು ದಪ್ಪ. ಉದ್ದ ಸುಮಾರು 43ರಿಂದ 45 ಸೆಂಟಿಮೀಟರ್, ಅಂದರೆ ಒಂದು ಮೊಳ. ಅದು ಬೆನ್ನಿನ ಕೊನೆಯವರೆಗೂ ಹೋಗುವುದಿಲ್ಲ. ಸೊಂಟದ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದ ಹಾಗೆ ಇಳಿದಿರುತ್ತವೆ. ಇದನ್ನು ಕಾಯಲು ಬೆನ್ನೆಲುಬು ಇದೆ. ಕುತ್ತಿಗೆಯಲ್ಲಿ 7 ಎಲುಬು, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನವು ಬೆಳೆದಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬೆನ್ನುಹುರಿಯಿಂದ 31 ಜೊತೆ ನರಗಳು ಕವಲೊಡೆದು ಮೈಗೆಲ್ಲ ಹೋಗುತ್ತವೆ.

ಇದಕ್ಕೆ ಎರಡು ಕೆಲಸ. ಮೆದುಳಿನ ಆಜ್ಞೆಯನ್ನು ಕೈಕಾಲಿಗೆ ಒಯ್ಯುವುದು, ಕೈಕಾಲಿನ ಸುದ್ದಿಯನ್ನು ಮೆದುಳಿಗೆ ತರುವುದು ಒಂದು. ಇನ್ನೊಂದನ್ನು ನೀವು ದಿನಾಲು ಒಲೆಯ ಮುಂದೆ ನೋಡುತ್ತೀರಿ. ಕಾದ ಹಂಚಿಗೆ ಬೆರಳು ತಾಗಿತು. ಕೈ ಹಿಂದಕ್ಕೆ ಬಂತು. ಆಮೇಲೆ “ಅವ್ವಾ!” ಅಂದಿರಿ. ಉರಿ ತಿಳಿಯುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಮೆದುಳಿಗೆ ಸುದ್ದಿ ಮುಟ್ಟಿ, ಅಲ್ಲಿಂದ ಆಜ್ಞೆ ಬರುವವರೆಗೆ ಕಾದರೆ ಬೆರಳು ಇನ್ನಷ್ಟು ಸುಡುತ್ತದೆ. ಆದ್ದರಿಂದ ಬೆನ್ನುಹುರಿ ತಾನೇ ತೀರ್ಮಾನ ಕೊಡುತ್ತದೆ.

ಈ ಹುರಿ ಒಮ್ಮೆ ಹರಿದರೆ ಹೊಲಿಯಲು ಬರುವುದಿಲ್ಲ. ಕುತ್ತಿಗೆಯಲ್ಲಿ ಪೆಟ್ಟಾದರೆ ಎರಡು ಕೈ ಎರಡು ಕಾಲು ನಾಲ್ಕೂ ಹೋಗಬಹುದು. ಎದೆಯ ಮಟ್ಟದಲ್ಲಿ, ಸೊಂಟದ ಮೇಲೆ ಆದರೆ ಕಾಲು ಹೋಗುತ್ತವೆ. ಮೂತ್ರ, ಮಲದ ಹಿಡಿತವೂ ತಪ್ಪುತ್ತದೆ. ಮಾಳಿಗೆಯಿಂದ ಬಿದ್ದವರು, ಬೇವಿನ ಗಿಡ ಹತ್ತಿ ಬಿದ್ದವರು, ತುಂಬಿದ ಟ್ರ್ಯಾಕ್ಟರಿನಿಂದ ಬಿದ್ದವರು ನಮ್ಮ ಕಡೆ ಇದ್ದೇ ಇದ್ದಾರೆ. ಬಿದ್ದ ಕೂಡಲೆ ನಾವು ಏನು ಮಾಡುತ್ತೇವೆ? ಒಬ್ಬರು ಬಗಲಿಗೆ ಕೈ ಹಾಕುತ್ತಾರೆ. ಒಬ್ಬರು ಕಾಲು ಹಿಡಿಯುತ್ತಾರೆ. ಎತ್ತಿ ಕೂಡಿಸಿ ನೀರು ಕುಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮುರಿದ ಎಲುಬು ಅಲುಗಾಡಿದರೆ, ಬರೀ ಒತ್ತಿದ್ದ ಹುರಿ ಪೂರ್ತಿ ಕತ್ತರಿಸಿ ಹೋಗಬಹುದು. ಬಿದ್ದವರನ್ನು ಇದ್ದಲ್ಲೇ ಇರಲು ಬಿಡಿರಿ. “ಕಾಲ್ಬೆರಳು ಆಡಿಸು” ಎಂದು ಹೇಳಿ ನೋಡಿರಿ. 108ಕ್ಕೆ ಫೋನ್ ಮಾಡಿರಿ. ಎತ್ತಲೇಬೇಕಾಗಿ ಬಂದರೆ ನಾಲ್ಕೈದು ಜನ ಸೇರಿರಿ. ತಲೆ, ಬೆನ್ನು, ಕಾಲು ಒಂದೇ ಗೆರೆಯಲ್ಲಿ ಇರುವ ಹಾಗೆ ಹಲಗೆಯ ಮೇಲೆ ಅಥವಾ ಬಾಗಿಲ ಕದದ ಮೇಲೆ ಮಲಗಿಸಿರಿ. ಕುತ್ತಿಗೆ ತಿರುಗದಂತೆ ಒಬ್ಬರು ತಲೆಯನ್ನು ಹಿಡಿದೇ ಇರಬೇಕು.

ಬಸುರಾಗುವ ವಯಸ್ಸಿನವರಿಗೆ ಒಂದು ಮಾತು. ಗರ್ಭದ ಮೊದಲ ನಾಲ್ಕು ವಾರದಲ್ಲೇ ಕೂಸಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತಿತು ಎಂದು ನಮಗೆ ಖಾತ್ರಿಯಾಗುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ಕೂಸು ಬೆನ್ನಿನ ಮೇಲೆ ಗಂಟು ಹೊತ್ತು ಹುಟ್ಟಬಹುದು. ಇದನ್ನು ಬಹಳಷ್ಟು ತಡೆಯುವುದು ಫೋಲಿಕ್ ಆಮ್ಲ ಎಂಬ ಚಿಕ್ಕ ಗುಳಿಗೆ. ಕೂಸು ಬೇಕು ಎಂದು ಮನಸ್ಸು ಮಾಡಿದಾಗಲೇ ಅದನ್ನು ಶುರು ಮಾಡಬೇಕು. ಆಶಾ ಕಾರ್ಯಕರ್ತೆಯನ್ನು, ನರ್ಸಮ್ಮನನ್ನು ಕೇಳಿರಿ. ಹಸಿರು ಸೊಪ್ಪು, ಹೆಸರು, ಕಡಲೆಯಲ್ಲಿಯೂ ಇದರ ಸತ್ವ ಇದೆ. ಗುಳಿಗೆಯನ್ನು ಬಿಟ್ಟು ಇವನ್ನಷ್ಟೇ ನಂಬಬಾರದು. ಇಂಥ ಕೂಸು ಹುಟ್ಟಿದ್ದಕ್ಕೆ “ಗ್ರಹಣದಾಗ ಹೊರಗ ಬಂದಿದ್ದಳು” ಎಂದು ಸೊಸೆಯನ್ನು ಬೈಯುವುದು ಅನ್ಯಾಯ.

ಇನ್ನು ನೀರಿನ ಮಾತು. ಬೆನ್ನುಹುರಿಗೂ ನೀರಿಗೂ ಏನು ಸಂಬಂಧ ಅನ್ನಬೇಡಿರಿ. ನಮ್ಮ ಜಿಲ್ಲೆಯ ಮುಂಡರಗಿ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚು ಇದೆ. ಕಣ್ಣಿಗೆ ಕಾಣುವುದಿಲ್ಲ. ರುಚಿಗೂ ತಿಳಿಯುವುದಿಲ್ಲ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು. ಹೆಚ್ಚಾದರೆ ಮಕ್ಕಳ ಹಲ್ಲು ಕಂದಾಗುತ್ತವೆ. ಹತ್ತಾರು ವರ್ಷ ಅದನ್ನೇ ಕುಡಿದರೆ ಬೆನ್ನೆಲುಬುಗಳ ನಡುವಿನ ಕಟ್ಟುಗಳು ಎಲುಬಿನಂತೆ ಗಟ್ಟಿಯಾಗುತ್ತವೆ. ಬೆನ್ನು ಬಾಗುವುದಿಲ್ಲ, ಕುತ್ತಿಗೆ ಹೊರಳುವುದಿಲ್ಲ. ಕೆಲವರಲ್ಲಿ ಹುರಿ ಇರುವ ದಾರಿಯೇ ಕಿರಿದಾಗಿ ಹುರಿಯನ್ನು ಒತ್ತುತ್ತದೆ. ಆಗ ಕಾಲು ಬಿಗಿಯುತ್ತವೆ, ಜೋಮು ಹಿಡಿಯುತ್ತವೆ, ನಡಿಗೆ ತಪ್ಪುತ್ತದೆ. ಇದನ್ನು “ವಯಸ್ಸಾತು, ವಾಯು ಆಗೈತಿ” ಎಂದು ಬಿಟ್ಟವರು ಬಹಳ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದು ಇನ್ನೂ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಶುದ್ಧಮಾಡಿದ ಹೊಳೆಯ ನೀರು, ಮಳೆಯ ನೀರು, ಸರಿಯಾಗಿ ನಡೆಯುವ ಶುದ್ಧ ನೀರಿನ ಘಟಕದ ನೀರು ಕುಡಿಯಲು, ಅಡುಗೆಗೆ ಬಳಸಬೇಕು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುವ ಕ್ರಮ ಇದೆ. ನಿಮ್ಮ ಊರಿನ ಆ ಐದು ಜನ ಯಾರು? ಪಂಚಾಯಿತಿಯಲ್ಲಿ ಕೇಳಿರಿ. “ಫ್ಲೋರೈಡ್ ಎಷ್ಟೈತಿ? ಕಾಗದದ ಮ್ಯಾಲ ತೋರಸ್ರಿ” ಅನ್ನಿರಿ. ಈಗ ನಿಮಗೆ ಓದಲು ಬರುತ್ತದೆ.

ಫಿಟ್ಸ್ ಬಂದಾಗ

ಮೆದುಳಿನ ಕಣಗಳು ಒಂದಕ್ಕೊಂದು ಸಣ್ಣ ವಿದ್ಯುತ್ತಿನಿಂದ ಮಾತಾಡುತ್ತವೆ. ಕೆಲವೊಮ್ಮೆ ಎಲ್ಲವೂ ಒಮ್ಮೆಗೇ ಕೂಗಿಕೊಂಡಂತೆ ಆಗುತ್ತದೆ. ಅದೇ ಫಿಟ್ಸ್, ಮೂರ್ಛೆ ರೋಗ. ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಮುಟ್ಟಿದರೆ ಹತ್ತುವುದಿಲ್ಲ. ಕೈಗೆ ಕಬ್ಬಿಣ ಕೊಡಬೇಡಿರಿ, ಉಳ್ಳಾಗಡ್ಡಿ ಮೂಸಿಸಬೇಡಿರಿ, ಬಾಯಿಗೆ ಚಮಚ ತುರುಕಬೇಡಿರಿ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿರಿ. ಐದು ನಿಮಿಷ ದಾಟಿದರೆ, ಅಥವಾ ಮೊದಲ ಸಲ ಬಂದಿದ್ದರೆ, ಆಸ್ಪತ್ರೆಗೆ ಒಯ್ಯಿರಿ. ಗುಳಿಗೆ ಶುರುವಾದ ಮೇಲೆ ಡಾಕ್ಟರು ಹೇಳದೆ ನಿಲ್ಲಿಸಬಾರದು. ಸರಿಯಾಗಿ ಗುಳಿಗೆ ನುಂಗಿದರೆ ಹೆಚ್ಚಿನವರು ಎಲ್ಲರ ಹಾಗೆಯೇ ಬಾಳುತ್ತಾರೆ. ಮದುವೆಯೂ ಆಗುತ್ತದೆ, ಮಕ್ಕಳೂ ಆಗುತ್ತವೆ.

ಲಕ್ವ ಹೊಡೆದಾಗ

ಮೆದುಳಿಗೆ ರಕ್ತ ನಿಂತರೆ ಏನಾಗುತ್ತದೆ ಎಂದು ಮೇಲೆ ಓದಿದಿರಿ. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಇಲ್ಲವೇ ನಾಳವೇ ಒಡೆದರೆ, ಆ ನಾಳ ನೀರುಣಿಸುತ್ತಿದ್ದ ಹೊಲ ಒಣಗುತ್ತದೆ. ಯಾವ ಭಾಗ ಒಣಗಿತೋ ಆ ಕೆಲಸ ನಿಲ್ಲುತ್ತದೆ. ಇದೇ ಲಕ್ವ, ಪಾರ್ಶ್ವವಾಯು.

ಗುರುತು ಹಿಡಿಯುವುದು ಹೇಗೆ? “ನಗು ನೋಡೋಣ” ಅನ್ನಿರಿ. ಬಾಯಿಯ ಒಂದು ಕಡೆ ಇಳಿಯುತ್ತದೆಯೇ? “ಎರಡೂ ಕೈ ಎತ್ತು” ಅನ್ನಿರಿ. ಒಂದು ಕೈ ತಾನೇ ಕೆಳಗೆ ಬರುತ್ತದೆಯೇ? “ನಿನ್ನ ಹೆಸರು, ಊರು ಹೇಳು” ಅನ್ನಿರಿ. ಮಾತು ತೊದಲುತ್ತದೆಯೇ? ಮೂರರಲ್ಲಿ ಒಂದು ತಟ್ಟನೆ ಕಂಡರೂ ಸಾಕು, ಕಾಯಬೇಡಿರಿ. ನೋವು ಇಲ್ಲ ಎಂದು ಸುಮ್ಮನಿರಬೇಡಿರಿ. ಲಕ್ವದಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಅರ್ಧ ತಾಸಿನಲ್ಲಿ ತಾನೇ ಸರಿಹೋಯಿತು ಎಂದೂ ಬಿಡಬೇಡಿರಿ. ಅದು ದೊಡ್ಡದು ಬರುವ ಮುನ್ಸೂಚನೆ ಇರಬಹುದು. ನೀರು, ಚಹಾ, ಗುಳಿಗೆ ಕೊಡಬೇಡಿರಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕ್ಕೆ ಇಳಿಯುತ್ತದೆ. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು, ನಾಟಿ ಔಷಧಕ್ಕೆ ಇನ್ನೊಂದೂರಿಗೆ ಒಯ್ಯುವುದು, ಇದರಲ್ಲೇ ಹೊತ್ತು ಹೋಗುತ್ತದೆ. ಕೆಟ್ಟದ್ದು ಕೈಯಲ್ಲ, ತಲೆಯೊಳಗೆ. ಕೈ ತಿಕ್ಕಿ ಏನು ಬಂತು?

ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಲಕ್ವ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ. ನಾಳ ಒಡೆದಿದ್ದರೆ ಆ ಮದ್ದು ಕೊಡಲೇಬಾರದು. ಆದ್ದರಿಂದ ಮೊದಲು ತಲೆಯ ಸ್ಕ್ಯಾನ್ ಆಗಬೇಕು. 108ರವರಿಗೆ “ಲಕ್ವ ಹೊಡೆದಂಗ ಐತಿ, ಸ್ಕ್ಯಾನ್ ಇರೋ ಆಸ್ಪತ್ರೆಗೆ ಒಯ್ರಿ” ಎಂದು ಹೇಳಿರಿ. ಗದಗಿನಿಂದ ಹುಬ್ಬಳ್ಳಿಗೇ ಸುಮಾರು 60 ಕಿಲೋಮೀಟರ್. ಶಿರಹಟ್ಟಿ, ಮುಂಡರಗಿಯ ಹಳ್ಳಿಯಿಂದ ಇನ್ನೂ ದೂರ. ನಾಲ್ಕೂವರೆ ತಾಸಿನಲ್ಲಿ ದಾರಿಗೇ ಎಷ್ಟು ಹೋಗುತ್ತದೆ, ನೀವೇ ಲೆಕ್ಕ ಹಾಕಿರಿ.

ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: “ಎಷ್ಟಕ್ಕೆ ಶುರುವಾಯಿತು?” ಗಾಬರಿಯಲ್ಲಿ ಒಬ್ಬರು “ಮುಂಜಾನೆ” ಅನ್ನುತ್ತಾರೆ. ಇನ್ನೊಬ್ಬರು “ಈಗ ಸ್ವಲ್ಪ ಹೊತ್ತಾತು” ಅನ್ನುತ್ತಾರೆ. ಹೊತ್ತು ಖಾತ್ರಿ ಇಲ್ಲದಿದ್ದರೆ ಡಾಕ್ಟರು ಆ ಮದ್ದು ಕೊಡಲು ಹಿಂಜರಿಯುತ್ತಾರೆ. ಅದಕ್ಕೇ ಗುರುತು ಕಂಡ ಕೂಡಲೆ ಗಡಿಯಾರ ನೋಡಿ ಬರೆಯಿರಿ. ಕಾಗದ ಸಿಗದಿದ್ದರೆ ಅಂಗೈಯ ಮೇಲೆ ಬರೆಯಿರಿ. ನಿದ್ದೆಯಲ್ಲಿ ಆಗಿದ್ದರೆ, ಕೊನೆಗೆ ಯಾವಾಗ ಅವರು ಸರಿಯಾಗಿ ಇದ್ದರೋ ಆ ಹೊತ್ತು ಬರೆಯಿರಿ. ಬಿಪಿ, ಸಕ್ಕರೆಯ ಗುಳಿಗೆ ನುಂಗುತ್ತಿದ್ದರೆ ಆ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ಬರೆಯಿರಿ

1. ಬಲಗೈ ಆಡುವುದಿಲ್ಲ, ಮಾತೂ ನಿಂತಿದೆ. ಪೆಟ್ಟು ಮೆದುಳಿನ ಯಾವ ಹೋಳಿಗೆ ಆಗಿರಬಹುದು? ______

2. ನಿಮ್ಮ ಮನೆಯಿಂದ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು? ಕೇಳಿ ತಿಳಿದು ಬರೆಯಿರಿ. ______

3. ಈಗ ಗಡಿಯಾರ ನೋಡಿರಿ. ಈ ಪಾಠ ಓದಿ ಮುಗಿಸಿದ ಹೊತ್ತು: ____ ಗಂಟೆ ____ ನಿಮಿಷ.